ಗೋಡೆಯೊಳಗಿಂದ ಬರುವ ರೈಟರ್ ಸಾಹೇಬರಿಗೆ

ಮಾನ್ಯರೇ,

ಆನೇಮಹಲ್ ಬಳಿಯ ಕಾಫಿ ಬೆಳೆಗಾರ್ತಿ ವಿಶಾಲಮ್ಮ ತಮಗೆ ಸಾಕಷ್ಟು ದೂರ ನಿಂತು ಮಾಡುವ ನಮಸ್ಕಾರಗಳು. ತಮಗೆ ಮಂಕಿ ಕ್ಯಾಪ್ ಇದೆ, ಅದರೊಳಗೆ ಮುಖವಿಲ್ಲವಾದ್ದರಿಂದ ತಾವು ಕ್ಷೇಮವೋ ಅಲ್ಲವೋ ಎಂದು ಮುಖ ನೋಡಿ ತಿಳಿಯುವ ಭಾಗ್ಯ ನನಗಿಲ್ಲ. ನನ್ನ ತಂಗಿಯ ಮಗಳು ಧನುಶ್ರೀ ನಮ್ಮ ಕಾಫಿ ಸ್ಟೋರಿನ ಮೇಲಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕಟ್ಟಿರುವ ಭಯದ ಆಟದಲ್ಲಿ ತಾವು ಆಳುಗಳ ಹಾಜರಿ ಬರೆಯುತ್ತಿದ್ದು ಸತ್ತುಹೋದ ಎಸ್ಟೇಟ್ ರೈಟರ್. ಹಾಜರಿ ತಪ್ಪಿಸಿಕೊಂಡ ಆಳುಗಳನ್ನು ಕೂಲಿಯವರ ಪಾಳುಬಿದ್ದ ಲೈನ್ ಮನೆಗಳ ಸಾಲಿನಲ್ಲಿ ಟಾರ್ಚು ಹಿಡಿದು ಅಟ್ಟಾಡಿಸುವುದು ತಮ್ಮ ಉದ್ಯೋಗ, ತಮ್ಮ ಕೈಗೆ ಸಿಗದೆ ಗೇಟು ದಾಟುವುದು ಆಡುವವರ ಪಾಡು.

ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲು ನನ್ನ ಬಳಿ ಮಾತಿಲ್ಲ. ಮೊದಮೊದಲು ನಾನು ಡ್ರಮ್ಮಿನೊಳಗೆ ಉಸಿರು ಬಿಗಿಹಿಡಿದು ಅಡಗಿದರೆ, ಯಾರೋ ಫೋನ್ ಮಾಡಿ ತಿಳಿಸಿದವರಂತೆ ತಾವು ನೆಟ್ಟಗೆ ಬಂದು ಮುಚ್ಚಳ ತೆಗೆಯುತ್ತಿದ್ದಿರಿ. ಬಿದ್ದೆನೋ ಎದ್ದೆನೋ ಎಂದು ಓಡಿದರೆ ಹಿಂದೆ ಇದ್ದವರು ಮುಂದಿನ ಗೋಡೆಯೊಳಗಿಂದ ಸದ್ದಿಲ್ಲದೆ ಹೊರಬರುತ್ತಿದ್ದಿರಿ. ಇಷ್ಟೊಂದು ಸರ್ವಾಂತರ್ಯಾಮಿಯಾದ ರೈಟರ್ ಒಬ್ಬರು ಹಣ್ಣು ಕೊಯ್ಯುವ ಕಾಲದಲ್ಲಿ ನಮಗೆ ಸಿಕ್ಕಿದ್ದರೆ ತೋಟ ಎಲ್ಲಿಗೋ ಹೋಗುತ್ತಿತ್ತು. ದಯಮಾಡಿ ಡಿಸೆಂಬರಿನಲ್ಲಿ ಡೆಪ್ಯುಟೇಷನ್ ಮೇಲೆ ಬನ್ನಿ, ಊಟ ವಸತಿ ನಮ್ಮದೇ.

ಆದರೆ ಸ್ವಾಮಿ, ತಮ್ಮ ಈ ಪರಾಕ್ರಮದಿಂದ ಒಂದು ಹೆಣ್ಣುಮಗುವಿನ ಬದುಕು ಮುಳುಗುವುದರಲ್ಲಿತ್ತು. ವರ್ಷಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡು ಕಟ್ಟಿದ ಆಟವನ್ನು ಧನುಶ್ರೀ ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸಿದಳು. ಅವರು, ನಿಮ್ಮ ಭೂತ ಮೋಸ ಮಾಡುತ್ತದೆ, ಹೆದರಿಕೆಯಾಗುವ ಬದಲು ಸಿಟ್ಟು ಬರುತ್ತದೆ, ಸರಿ ಮಾಡಿದರೆ ಇನ್ನೊಂದು ಸಲ ನೋಡುತ್ತೇವೆ, ಅದೇ ಕೊನೆ ಎಂದು ಬರೆದರು. ಹುಡುಗಿ ಅಕ್ಕಿರೊಟ್ಟಿ ಮುಟ್ಟಲಿಲ್ಲ. "ಎಲ್ಲಾ ಅಳಿಸಾಕ್ಬುಡ್ತೀನಿ ದೊಡ್ಡಮ್ಮ, ನನ್ ಕೈಲಾಗಕಿಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನನಗೆ ತಮ್ಮ ಮೇಲೆ ಬಂದ ಕೋಪವನ್ನು ಗೌರವಪೂರ್ವಕವಾಗಿ ಹೇಳಲು ಕನ್ನಡದಲ್ಲಿ ಪದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

"ಏಳೇ ಮೇಲೆ, ಕೊಡು ಆ ರಿಮೋಟು. ಅದ್ಯಾವನು ನಿನ್ನ ಅಳಿಸ್ದೋನು, ನೋಡೇಬುಡ್ತೀನಿ" ಎಂದು ಆಟದ ಗುಂಡಿಗಳಿರುವ ಅದನ್ನು ಕಿತ್ತುಕೊಂಡು ನಾನೇ ಆಡಲು ಕೂತೆ. ತಾವು ಎಂದಿನಂತೆ ಗೋಡೆಯೊಳಗಿಂದ ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿರಿ. ತಮಗೆ ಮೂಗಿಲ್ಲ ಎಂಬುದು ಬೇರೆ ಮಾತು. ಆಗ ನಾನು ಮಾಡಿದ ಕೆಲಸವನ್ನು ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಮಾಡಲಾರರು. ರಿಮೋಟನ್ನು ಮಡಿಲಿಗೆ ಬಿಟ್ಟು, ಎರಡೂ ಕೈ ಜೋಡಿಸಿ, ಅಲ್ಲಾಡದೆ ಕೂತು, "ಹೋಗಪ್ಪ, ನಿನ್ ದಾರಿ ನಿಂದು, ನಮ್ ದಾರಿ ನಮ್ದು" ಎಂದುಬಿಟ್ಟೆ. ತಾವು ನನ್ನನ್ನು ಕೊಂದಿರಿ, ಧನುಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಮಗೆ ತಿಳಿಯದಿರಬಹುದು, ನಮ್ಮ ಕಡೆ ತೋಟದ ದಾರಿಯಲ್ಲಿ ಆನೆ ಎದುರಾದರೆ ಹೀಗೆ ಕೈಮುಗಿದು ಬೇಡಿಕೊಳ್ಳುವುದು ವಾಡಿಕೆ. ಅದರಿಂದ ಆನೆ ಹೋಗುತ್ತದೆಂದು ನಾನು ಬರೆದುಕೊಡುವುದಿಲ್ಲ, ಓಡಿಹೋಗಿ ಬದುಕಿದವರೂ ಇದ್ದಾರೆ, ಕೈಮುಗಿದು ಸತ್ತವರೂ ಇದ್ದಾರೆ. ಆದರೂ ಅದು ಮರ್ಯಾದಸ್ಥ ಪ್ರಾಣಿ. ಬರುವ ಮುನ್ನ ಬಾಳೆ ಲಟಲಟ ಮುರಿಯುತ್ತದೆ, ಗಾಳಿಗೆ ವಾಸನೆ ಬಿಡುತ್ತದೆ, ಮಗ್ಗೆ ಊರಿನ ಕಡೆ ಇದ್ದರೆ ಮಗ್ಗೆ ಕಡೆಯೇ ಇರುತ್ತದೆ, ಅದೇ ಗಳಿಗೆಗೆ ನಮ್ಮ ಬಚ್ಚಲ ಗೋಡೆಯೊಳಗಿಂದ ಬರುವುದಿಲ್ಲ. ಅದಕ್ಕೇ ನಮಗೆ ಅದನ್ನು ಕಂಡರೆ ಅಷ್ಟು ಭಯ, ತಮ್ಮನ್ನು ಕಂಡರೆ ಬರೀ ಬೇಜಾರು.

ನಗುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಕಂಪ್ಯೂಟರಿನ ಮುಂದೆ ಬಂದು ಕೂತಳು. "ಇನ್ನೊಂದ್ಸಲ ಹಂಗೇ ಕೈ ಬಿಡು ದೊಡ್ಡಮ್ಮ" ಎಂದಳು. ಮಾರನೆಯ ವಾರದ ಹೊತ್ತಿಗೆ ತಮಗೆ ಹೊಸ ಸೇವಾ ನಿಯಮಗಳು ಜಾರಿಯಾಗಿದ್ದವು. ತಾವು ಬಾಗಿಲಿನಿಂದಲೇ ಬರತಕ್ಕದ್ದು, ಬರುವ ಮುನ್ನ ಕೆಮ್ಮತಕ್ಕದ್ದು, ಟಾರ್ಚು ಬಿದ್ದಲ್ಲಿ ಮಾತ್ರ ನೋಡತಕ್ಕದ್ದು. ಎದುರಿಗೆ ಬಂದು ನಿಂತಾಗ ಆಡುವವರು ರಿಮೋಟಿನಿಂದ ಎರಡೂ ಕೈ ತೆಗೆದು ಸುಮ್ಮನಿದ್ದರೆ, ಒಂದಿಷ್ಟು ಹೊತ್ತು ನೋಡಿ ಹೊರಟುಹೋಗತಕ್ಕದ್ದು. ಗುಂಡಿಗೆ ಬೆರಳು ತಾಗಿತೋ, ಮುಗಿಯಿತು.

ಮಾನ್ಯರೇ, ನನ್ನ ದೂರು ಶುರುವಾಗುವುದೇ ಇಲ್ಲಿಂದ. ತಾವು ಮೋಸಗಾರರಾಗಿದ್ದಾಗ ನಾನು ತಮ್ಮನ್ನು ಬಾಯಿತುಂಬ ಬೈದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಈಗ ಲೈನಿನ ತುದಿಯಲ್ಲಿ ತಾವು ಕೆಮ್ಮುವುದು ಕೇಳಿಸುತ್ತದೆ. ಬರುತ್ತಿದ್ದೀರೆಂದು ಗೊತ್ತು, ಯಾವ ಬಾಗಿಲಿನಿಂದ ಎಂದೂ ಗೊತ್ತು, ಏನು ಮಾಡಿದರೆ ಉಳಿಯುತ್ತೇನೆಂದೂ ಗೊತ್ತು. ಆ ಖಾಲಿ ಟೋಪಿ ಪರದೆ ತುಂಬ ಬಗ್ಗಿದಾಗ ಸುಮ್ಮನೆ ಕೂರುವುದೊಂದೇ ಕೆಲಸ, ಆ ಒಂದು ಕೆಲಸ ನನ್ನ ಕೈಲಾಗುವುದಿಲ್ಲ! ಹೆಬ್ಬೆರಳು ತಾನಾಗಿಯೇ ಹೋಗಿ ಗುಂಡಿ ಒತ್ತುತ್ತದೆ. ಸಾಯುತ್ತೇನೆ, ಬೈಯೋಣವೆಂದರೆ ಬೈಯಲು ನನ್ನನ್ನು ಬಿಟ್ಟು ಯಾರೂ ಇಲ್ಲ. ಇಂಥ ನ್ಯಾಯವಂತರ ಸಹವಾಸ ಯಾವ ಶತ್ರುವಿಗೂ ಬೇಡ.

ಮೊನ್ನೆ ಕಂಪನಿಯ ರಶ್ಮಿತಾ ಎಂಬಾಕೆ ವಿಡಿಯೋ ಕರೆಯಲ್ಲಿ ನಮ್ಮೆದುರೇ ಆಟ ಆಡಿದಳು. ಧನುಶ್ರೀ ನನ್ನ ಸೆರಗಿನ ಚುಂಗು ಹಿಡಿದು ಕೂತಿದ್ದಳು. ತಾವು ಕೆಮ್ಮಿದಿರಿ, ಬಂದಿರಿ, ಬಗ್ಗಿದಿರಿ. ಆಕೆ ಕೈ ಮೇಲೆತ್ತಿದಳು, ತಡೆಯಲಾಗದೆ ಇಳಿಸಿದಳು, ಸತ್ತಳು. ಆಮೇಲೆ ರಿಮೋಟು ಕೆಳಗಿಟ್ಟಳು. ಹೋಯಿತು, ಮಗುವಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದು ನಾನು ಕಣ್ಣು ಮುಚ್ಚಿದೆ. "ಅವನದೇನೂ ತಪ್ಪಿಲ್ಲ, ತಡೀರಿ, ನಾನೇ ಕೆಡಿಸಿದ್ದು" ಎಂದಳು ಆಕೆ, ಯಾರನ್ನೂ ಕೇಳದೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ನಮ್ಮ ಹುಡುಗಿ ಅಳುತ್ತಿದ್ದಳು, ನಾನೂ ಅತ್ತೆ. ತಾವು ಮಾತ್ರ ನಾಚಿಕೆಯಿಲ್ಲದೆ ಮತ್ತೆ ಕೆಮ್ಮಿದಿರಿ.

ತಮ್ಮ ನ್ಯಾಯನಿಷ್ಠುರತೆಯಿಂದ ನಿದ್ದೆ ಕಳೆದುಕೊಂಡ,
ತಮ್ಮ ವಿಶ್ವಾಸಿ,
ವಿಶಾಲಮ್ಮ

ಮರೆತ ಮಾತು: ನಮ್ಮ ತೋಟದ ಜೀವಂತ ರೈಟರ್ ಗುಂಡಯ್ಯನವರು ನಿನ್ನೆ ಗಂಟಲು ಸರಿಮಾಡಿಕೊಂಡು ಸ್ಟೋರಿನೊಳಗೆ ಬಂದಾಗ ನಾನು ಎರಡೂ ಕೈ ಎತ್ತಿಕೊಂಡು ಕಲ್ಲಿನಂತೆ ನಿಂತೆ. ಅವರು ಸ್ವಲ್ಪ ಹೊತ್ತು ನೋಡಿ, "ಸೊಂಟ ಹಿಡ್ಕಂತೇನ್ರಮ್ಮ?" ಎಂದು ಕೇಳಿ, ನಾನು ಬೇಡವೆನ್ನದ್ದರಿಂದ ನಾಳೆಗೆ ರಜೆ ತೆಗೆದುಕೊಂಡು ಹೊರಟುಹೋದರು. ನಿಯಮ ಕೆಲಸ ಮಾಡುತ್ತದೆ, ಆದರೆ ನಾಳೆ ಹಾಜರಿ ಕೂಗಲು ಜನವಿಲ್ಲ. ಅಟ್ಟಿಸಿಕೊಂಡು ಹೋಗುವುದಷ್ಟೇ ಅಲ್ಲದೆ ಬೇರೆ ಕೆಲಸವೇನಾದರೂ ತಮಗೆ ಬರುವುದಿದ್ದರೆ ತಾವೇ ಬನ್ನಿ.