ತೂಫಾನಿನ ಎದುರು ಸಮ್ಮೇದ

ಎಲ್ಲ ಶುರುವಾದದ್ದು ಒಂದು ಎಮ್ಮೆಯಿಂದ. ಸಿಡಿಲು ಬಡಿದು ಸತ್ತ ಎಮ್ಮೆಗೆ ಪರಿಹಾರ ಕೇಳಲು ಶೇಡಬಾಳದ ರೈತನೊಬ್ಬ ಕಾಗವಾಡದ ಟೈಪಿಂಗ್ ಅಂಗಡಿಗೆ ಬಂದು ಅರ್ಜಿ ಮಾಡಿಸಿಕೊಂಡು ಹೋಗಿದ್ದ. ಅಂಗಡಿಯ ಸಮ್ಮೇದ ಒಂದು ಕಣ್ಣನ್ನು ಆನ್‌ಲೈನ್ ಟೈಪಿಂಗ್ ಪಂದ್ಯದ ಮೇಲಿಟ್ಟು ಅರ್ಜಿ ಬಡಿದುಕೊಟ್ಟಿದ್ದ. ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗಲೇ ಗೊತ್ತಾದದ್ದು: 'ಎರಡು ಹೊತ್ತೂ ಹಾಲು ಕೊಡುತ್ತಿದ್ದ ನನ್ನ ಅಮ್ಮ ಸಿಡಿಲು ಬಡಿದು ಸತ್ತಿದ್ದು...'

ರೈತ ಬಂದು ಅರ್ಜಿಯನ್ನು ಅಂಗಡಿಯ ಮಾಲೀಕ ಬಾಪುಸಾಹೇಬರ ಮುಂದೆ ಒಗೆದು ಹೋದ. ಬಾಪುಸಾಹೇಬರು ಸಮ್ಮೇದನ ಸೋದರಮಾವ.

"ನಾಳಿಂದ ಈ ಕುರ್ಚಿ ಬಿಡು. ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ಬಾ. ಅಲ್ಲಿ ಎಷ್ಟ ಜೋರ ಬೊಟ್ಟ ಆಡ್ಸಿದ್ರೂ ಯಾರ ಅವ್ವನೂ ಸಾಯೂದಿಲ್ಲ."

"ಮಾಮಾ, ನನ್ನಷ್ಟು ಜೋರ ಟೈಪ್ ಮಾಡಾವ ಜಿಲ್ಲಾದಾಗ ಇಲ್ರಿ!"

"ಮತ್ತ ಆ ತೂಫಾನ ಯಾರೋ?" ಪಕ್ಕದ ಚಹಾದಂಗಡಿಯ ಸತ್ತೆವ್ವ ಇಣುಕಿದಳು. "ದಿನಾ ಅವನ ಕಡೆ ಸೋತು ಟೇಬಲ್ ಗುದ್ದತಿ."

ತೂಫಾನ ಎಂಬುದು ಪಂದ್ಯದಲ್ಲಿ ಯಾರೋ ಇಟ್ಟುಕೊಂಡ ಹೆಸರು. ಎಲ್ಲಿಯವರೋ ತಿಳಿಯದು. ಸಮ್ಮೇದ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಆದರೂ ಅವನ ಮೀಸೆ ನೆಟ್ಟಗಾಯಿತು.

"ಇವತ್ತ ಸೋಲಸ್ತೀನಿ. ಗೆದ್ರ ಕುರ್ಚಿ ನಂದ, ಮಾಮಾ?"

"ಗೆದ್ರ ಕುರ್ಚಿ ನಿಂದ. ಸೋತ್ರ ಶೆಡ್ಡು. ಮಾತಂದ್ರ ಮಾತು."

ಸಂಜೆಗೆ ಅಂಗಡಿ ಕುಸ್ತಿ ಅಖಾಡದಂತೆ ತುಂಬಿತು. ಪರದೆಯ ಮೇಲೆ ಎರಡು ಗಾಡಿ: ಸಮ್ಮೇದನದು ನೀಲಿ, ತೂಫಾನಿನದು ಕೆಂಪು. ಸರಿಯಾಗಿ ಟೈಪ್ ಮಾಡಿದರೆ ಗಾಡಿ ಓಡುತ್ತದೆ, ತಪ್ಪಿದರೆ ಎತ್ತು ಮಲಗಿದಂತೆ ನಿಲ್ಲುತ್ತದೆ. ಪಂದ್ಯ ಶುರುವಾದದ್ದೇ ಸಮ್ಮೇದನ ಬೆರಳುಗಳು ಕಾದ ಹಂಚಿನ ಮೇಲಿನ ಜೋಳದ ಅರಳಿನಂತೆ ಸಿಡಿಯತೊಡಗಿದವು.

"ಕೆಂಪು ಗಾಡಿ ಹೊಂಟ್ತೋ! ಹಿಂದ ಬಿದ್ದೀ!" ಸತ್ತೆವ್ವ ಕೂಗಿದಳು.

"ಕಾಕೂ, ಸುಮ್ಕಿರ್ರಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಇಂಟರ್ನೆಟ್ ಸಮ್ಮೇದನ ಮೊಬೈಲಿನದಾದ್ದರಿಂದ ಉಳಿಯಿತು. ಕಂಪ್ಯೂಟರು ಹಳೆಯ ಯುಪಿಎಸ್ಸಿನ ಮೇಲೆ ಕೀಂ ಕೀಂ ಎಂದು ಕೊನೆಯುಸಿರು ಎಳೆಯತೊಡಗಿತು. ಫ್ಯಾನ್ ನಿಂತು ಬೆವರು ಕಣ್ಣಿಗಿಳಿಯಿತು. ಬಾಪುಸಾಹೇಬರು ತಮಗೇ ತಿಳಿಯದಂತೆ ಎಮ್ಮೆಯ ಅರ್ಜಿಯಿಂದಲೇ ಅಳಿಯನಿಗೆ ಗಾಳಿ ಬೀಸತೊಡಗಿದರು.

ಕೊನೆಯ ಸಾಲು. 'ಸ್ವಾತಂತ್ರ್ಯ'. ಒತ್ತಿನ ಮೇಲೆ ಒತ್ತು! ಸಮ್ಮೇದನ ಬೆರಳು ಜಾರಿತು, ನೀಲಿ ಗಾಡಿ ನಿಂತಿತು. ಕೆಂಪು ಗಾಡಿ ಗೆಲುವಿನ ಗೆರೆಯ ಅಂಚಿಗೇ ಹೋಯಿತು. ಸಮ್ಮೇದನಿಗೆ ಒಣದ್ರಾಕ್ಷಿಯ ವಾಸನೆ ಮೂಗಿಗೆ ಬಡಿದಂತಾಯಿತು. ಅಳಿಸಿದ, ಮತ್ತೆ ಹೊಡೆದ, ಮತ್ತೆ ಅಳಿಸಿದ.

ಕೆಂಪು ಗಾಡಿ ಮಾತ್ರ ಅಲ್ಲೇ ನಿಂತುಬಿಟ್ಟಿತ್ತು. ಯಾಕೋ ಏನೋ, ಒಂದಿಂಚೂ ಅಲುಗಲಿಲ್ಲ. ನೀಲಿ ಗಾಡಿ ಅದರ ಪಕ್ಕದಿಂದ ತೆವಳಿಕೊಂಡು ಹೋಗಿ ಗೆರೆ ದಾಟಿತು.

ಅಂಗಡಿಯ ತಗಡು ಹಾರುವಂತೆ ಕೇಕೆ ಎದ್ದಿತು. ಸತ್ತೆವ್ವ ಖುಷಿಗೆ ಬೆನ್ನಿಗೆ ಗುದ್ದಿದ ಗುದ್ದಿಗೆ ಸಮ್ಮೇದ ಕೀಬೋರ್ಡಿನ ಮೇಲೆ ಬಿದ್ದ. ಆಗ ಪರದೆಯಲ್ಲಿ ತೂಫಾನಿನ ಸಂದೇಶ ಮೂಡಿತು. ಬಾಪುಸಾಹೇಬರು ಕನ್ನಡಕ ಏರಿಸಿ ಓದಿದರು:

"ಶಾಬಾಸ್ ರೀ. ಕಡೀಕ ಕೂಸು ಅಳಾಕತ್ತಿತು, ಬಿಟ್ಟು ಎದ್ದೆ. ನಾ ದಿನಾ ಒಂದ ಕೈಲೇನ ಹೊಡೀತೀನ್ರಿ, ಇನ್ನೊಂದ ಕೈಯಾಗ ಕೂಸಿರ್ತೈತಿ. ನಾ ಮೆಹೆಕ, ಕುಡಚಿ."

ಕೇಕೆ ಹಾಕಿದವರೆಲ್ಲ ಸಮ್ಮೇದನ ಎರಡೂ ಕೈ ನೋಡಿದರು.

"ಒಂದ ಕೈಲೆ!" ಎಂದರು ಬಾಪುಸಾಹೇಬರು. "ಕುಡಚಿ ಏನ್ ದೂರಿಲ್ಲ. ನಮ್ಮ ಅಂಗಡ್ಯಾಗ ಕೆಲಸಕ್ಕ ಬರ್ತೀರೇನಂತ ಕೇಳಲೇ."

ಸಮ್ಮೇದ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಉತ್ತರ ಮಾತ್ರ ಕಣ್ಣು ಪಿಳುಕಿಸುವುದರೊಳಗೆ ಬಂತು: "ಬರ್ತೀನ್ರಿ. ಆದ್ರ ಕೂಸಿನ್ನ ಯಾರು ನೋಡ್ಕೋತಾರ?"

ಸಮ್ಮೇದನಿಗೆ ಹೋದ ಜೀವ ಬಂತು. "ನೋಡ್ರಿ, ಆಗೂ ಮಾತಲ್ಲ. ಮತ್ತ ನೀವು ಮಾತ ಕೊಟ್ಟೀರಿ ಮಾಮಾ, ಕುರ್ಚಿ ನಂದು!"

"ಇಲ್ಲಂದವ್ರ ಯಾರಲೇ?" ಬಾಪುಸಾಹೇಬರು ಅವನ ಹೆಗಲು ತಟ್ಟಿದರು. "ಆಕಿಗೆ ಬ್ಯಾರೆ ಕುರ್ಚಿ ತರಸ್ತೀನಿ. ನೀ ನಿನ್ನ ಕುರ್ಚಿ ಮ್ಯಾಲ ಕುಂತು ಕೂಸು ಆಡಸು."