ಹಸಿ ನಿಂಬೆಹಣ್ಣು

ನನಗೆ ವ್ಯಾಪಾರ ತಿಳಿಯುವುದಿಲ್ಲ. ಇದನ್ನು ವಿನಯದಿಂದ ಹೇಳುತ್ತಿಲ್ಲ. ನನ್ನ ಹೆಂಡತಿ ಗೌರವ್ವ ಮೂವತ್ತು ವರ್ಷಗಳಿಂದ ಹೇಳುತ್ತಿರುವುದನ್ನು ಒಪ್ಪಿಕೊಳ್ಳುತ್ತಿದ್ದೇನೆ, ಅಷ್ಟೆ. ಆದರೂ ಒಂದೇ ಒಂದು ದಿನ ಇಡೀ ಗೋಕಾಕದ ಪೇಟೆ ನನ್ನ ಕೈಯಲ್ಲಿತ್ತು. ಅದು ನನಗೆ ಗೊತ್ತಾದದ್ದು ಮಾತ್ರ ಮರುದಿನ.

ಜರ್ಮನಿ ಲಡಾಯಿ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಬಂತಲ್ಲ, ಆಗಿನ ಮಾತು. ಆ ಹೆಸರು ನಮ್ಮ ಓಣಿಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಜ್ವರ ಮಾತ್ರ ಎಲ್ಲರ ಮನೆಯನ್ನೂ ಹತ್ತಿತು. ಬಾಜೂ ಮನೆಯಲ್ಲೇ ಎರಡು ಜೀವ ಹೋದವು. ಇಂದಿಗೂ ನೆನೆದರೆ ಸಂಕಟವಾಗುತ್ತದೆ. ಸಂತೆ ನಿಂತಿತು, ಮಗ್ಗಗಳು ನಿಂತವು, ಕಳೆ ತೆಗೆಯಲು ಆಳಿಲ್ಲದೆ ಮಮದಾಪುರದ ಹೊಲಗಳಲ್ಲಿ ಹುಲ್ಲೇ ಬೆಳೆಯಾಯಿತು. ನಾನೋ, ಕಟ್ಟಿಗೆಯಲ್ಲಿ ಗಿಳಿ, ಮಾವು, ಬದನೆಕಾಯಿ ಕೆತ್ತಿ, ಬಣ್ಣ ಹಚ್ಚಿ ಮಾರುವವನು. ಮಕ್ಕಳು ಜ್ವರದಲ್ಲಿ ನರಳುವಾಗ ಬಣ್ಣದ ಗಿಳಿ ಯಾರಿಗೆ ಬೇಕು? ಗೌರವ್ವ ಗಡುವು ಹಾಕಿದಳು: "ಈ ತಿಂಗಳದಾಗ ಒಂದಾದ್ರೂ ಗೊಂಬಿ ಮಾರಿ ಹೋಗಬೇಕು ನೋಡ್ರಿ. ಇಲ್ಲಾಂದ್ರ ಘಟಪ್ರಭಾ ಸ್ಟೇಶನ್ನಿಗೆ ಹೋಗಿ ಮೂಟಿ ಹೊರ್ರಿ." ನನ್ನ ಬೆನ್ನನ್ನು ಒಮ್ಮೆ ನೋಡಿದವರಿಗೆ ಈ ಮಾತಿನ ಕ್ರೌರ್ಯ ತಿಳಿಯುತ್ತದೆ.

"ಹಂಗಾರ ಪ್ಯಾಟ್ಯಾಗ ಈಗ ಏನ ಮಾರಾಟ ಆಗಾಕತ್ತೈತಿ?" ಎಂದು ಕೇಳಿದೆ.

"ನಿಂಬಿಹಣ್ಣು. ಜ್ವರಕ್ಕ ಎಲ್ಲಾರೂ ಅದನ್ನ ಕೇಳಾಕತ್ತಾರ, ಎಲ್ಲೂ ಸಿಗವಲ್ದು."

ಬುದ್ಧಿವಂತನಾದ ನಾನು ಅಂದೇ ಕುಳಿತು ಬುಟ್ಟಿ ತುಂಬ ನಿಂಬೆಹಣ್ಣು ಮಾಡಿದೆ. ಕಟ್ಟಿಗೆಯವು. ಗೌರವ್ವ ಹಣೆ ಹಣೆ ಬಡಿದುಕೊಂಡಳು.

ಬಣ್ಣ ಒಣಗಲೆಂದು ಅವನ್ನು ಕಟ್ಟೆಯ ಮೇಲಿಟ್ಟಿದ್ದಾಗ ಈರಪ್ಪ ಆ ದಾರಿಯಲ್ಲಿ ಬಂದ. ಮೂಡಲಗಿಯಿಂದ ಬಂದು ಇಲ್ಲಿ ಅಂಗಡಿ ಇಟ್ಟಿದ್ದ ವ್ಯಾಪಾರಿ. ಬೆಲೆ ಇನ್ನಷ್ಟು ಏರಲಿ ಎಂದು ನಿಂಬೆಹಣ್ಣಿನ ಚೀಲಗಳನ್ನೆಲ್ಲ ಒಳಕೋಣೆಯಲ್ಲಿ ಬಚ್ಚಿಟ್ಟವನು. ಬುಟ್ಟಿ ನೋಡಿ ನಿಂತೇಬಿಟ್ಟ.

"ಎಲ್ಲಿಂದ ಬಂದುವ್ರಿ ಇವು?"

"ಎಲ್ಲಿಂದ ಬರ್ತಾವ? ಮನ್ಯಾಗಿನವ." ಅವನು ಕೈಚಾಚಿದ. "ಮುಟ್ಟಬ್ಯಾಡ್ರಿ," ಎಂದೆ, "ಇನ್ನೂ ಹಸಿ ಅದಾವ."

"ಹೆಂಗ ಕೊಡ್ತೀರಿ?"

"ಒಂದ ದುಡ್ಡಿಗೆ ಎರಡು. ನಾಳಿಗೆ ಇನ್ನೂ ಎರಡ ಬುಟ್ಟಿ ಆಗತಾವ."

ಈರಪ್ಪನ ಮುಖ ಬಿಳಿಚಿತು. ಪಾಪ, ಜ್ವರ ಬಂತೇನೋ ಎಂದು ನಾನು ಮರುಗಿದೆ. ಅವನು ಅಂಗಡಿಗೆ ಓಡಿ, ಒಳಕೋಣೆ ತೆರೆದು, ಸಂಜೆಯೊಳಗೆ ಇದ್ದ ಹಣ್ಣನ್ನೆಲ್ಲ ಬಂದ ಬೆಲೆಗೆ ಮಾರಿಬಿಟ್ಟನಂತೆ. ಊರಿಗೆಲ್ಲ ನಿಂಬೆಹಣ್ಣು ಸಿಕ್ಕಿತು. ನಮ್ಮ ಗೌರವ್ವನೂ ಒಂದಿಷ್ಟು ತಂದು, ನಿಂಬೆಹಣ್ಣು ಇರುವ ಜಾಗ ಇದೇ ಎಂದು ನನ್ನ ಬುಟ್ಟಿಗೇ ಸುರಿದಳು. ನನಗೆ ಹೇಳಲಿಲ್ಲ.

ಮರುದಿನ ಸಂಗತಿ ತಿಳಿದ ಊರಿನವರ ಹಾರೈಕೆಯೇನೋ ಸಿಕ್ಕಿತು. ಗೊಂಬೆ ಮಾತ್ರ ಒಂದೂ ಹೋಗಲಿಲ್ಲ. ತಿಂಗಳ ಕೊನೆಯ ದಿನ ಸಾಲಿ ಮಾಸ್ತರರೊಬ್ಬರು ಬಂದರು. ಜ್ವರದಿಂದ ಎದ್ದ ಮಗಳಿಗೆ ಆಡಲು ಏನಾದರೂ ಬೇಕಿತ್ತು. ಆ ಮಗು ಉಳಿದದ್ದು ಕೇಳಿ ನಿಜವಾಗಿ ಸಂತೋಷವಾಯಿತು. ಬುಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದದ ನಿಂಬೆಹಣ್ಣನ್ನು ಆರಿಸಿದೆ. ಕೈಗೆ ತುಸು ಭಾರವೆನಿಸಿತು. ಕಟ್ಟಿಗೆ ಸರಿಯಾಗಿ ಒಣಗಿರಲಿಕ್ಕಿಲ್ಲ ಅಂದುಕೊಂಡೆ. ಅವರ ಮೂಗು ನೆಗಡಿಯಿಂದ ಕಟ್ಟಿತ್ತು, ನನ್ನ ಮೂಗು ಬಣ್ಣದ ವಾಸನೆಯಿಂದ. "ವರ್ಷ ಇಟ್ರೂ ಏನೂ ಆಗೂದಿಲ್ರಿ," ಎಂದು ಭರವಸೆ ಕೊಟ್ಟೆ. ಮೂಟೆ ಹೊರುವುದು ತಪ್ಪಿತು.

ಹದಿನೈದು ದಿನದ ಮೇಲೆ ಮಾಸ್ತರರು ಮತ್ತೆ ಬಂದರು. ಕೈಯಲ್ಲಿ ಅದೇ ಹಣ್ಣು: ಸುಕ್ಕುಗಟ್ಟಿ, ಒಂದು ಮಗ್ಗುಲು ಕೊಳೆತು, ಇರುವೆ ಹತ್ತಿತ್ತು. ದುಡ್ಡು ಮರಳಿ ಕೊಡಲು ನಾನು ಕಿಸೆಗೆ ಕೈ ಹಾಕಿದೆ. ಅವರು ಮಾತ್ರ ಕೈಮುಗಿದರು.

"ಏನ್ ಕೈ ರಿ ನಿಮ್ದು! ಗೊಂಬಿ ಮಾಡಿದ್ರ ಹಿಂಗ ಮಾಡಬೇಕು. ಖರೇ ಹಣ್ಣಿನಂಗ ಕೊಳತೂ ಬಿಟ್ಟೈತಿ ನೋಡ್ರಿ! ಇಂಥಾವ ಇನ್ನೊಂದು ಡಜನ್ ಬೇಕಾಗಿದ್ದುವು."

ನಾನು ತಲೆ ತಗ್ಗಿಸಿದೆ. ಮಾಸ್ತರರು ಅದನ್ನು ವಿನಯ ಎಂದುಕೊಂಡರು.