ಕ್ಯಾಪ್ಟನ್ ಸುಂಟರಗಾಳಿಗೆ ಮೇಲಿನ ಖಾನೆ

ಗಂಡನಾದವನಿಗೆ ತನ್ನ ಸ್ವಂತ ಮನೆಯಲ್ಲಿ ಎಷ್ಟು ಜಾಗ ಬೇಕು? ನಾನು ಕೇಳಿದ್ದು ತಿಜೋರಿಯ ಮೇಲಿನ ಖಾನೆ ಒಂದನ್ನೇ. ತಿಜೋರಿ ಎಂದೊಡನೆ ಬಂಗಾರದ ಗಟ್ಟಿಗಳನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮ ಹಾನಗಲ್ ಕಡೆ ಬಟ್ಟೆ ಇಡುವ ಉಕ್ಕಿನ ಕಪಾಟಿಗೂ ಹಾಗೆಯೇ ಅನ್ನುತ್ತೇವೆ. (ನಮ್ಮ ತಿಜೋರಿಯಲ್ಲಿರುವ ಬಂಗಾರವೆಂದರೆ ಹೋದ ದಸರೆಯಲ್ಲಿ ಮಂದಿ ಕೊಟ್ಟ ಬನ್ನಿ ಎಲೆ.) ಆ ಮೇಲಿನ ಖಾನೆಯಲ್ಲಿ ನನ್ನ ಹೆಂಡತಿ ರಾಜಶ್ರೀಯ ರೇಷ್ಮೆ ಸೀರೆಗಳಿದ್ದವು. ಅವನ್ನು ಗಂಟು ಕಟ್ಟಿ ಮಂಚದ ಕೆಳಗೆ ಸರಿಸಿ ಅಲ್ಲಿ ನನ್ನ ಕಾಮಿಕ್ಸ್ ಪುಸ್ತಕಗಳನ್ನು ಪ್ರತಿಷ್ಠಾಪಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನಡೆದದ್ದು ಸಂಸಾರವಲ್ಲ, ಗಡಿ ವಿವಾದ.

ನಾನು ಫಕ್ಕೀರೇಶ, ಹೈಸ್ಕೂಲಿನ ಗಣಿತ ಮಾಸ್ತರ. ಉತ್ತರ ಸರಿಯಿದ್ದರೂ ಅದರ ಕೆಳಗೆ ಗೆರೆ ಎಳೆಯದ ಹುಡುಗನಿಗೆ ಅರ್ಧ ಅಂಕ ಕತ್ತರಿಸುವವನು. ಇಂಥ ಕಠೋರ ಮನುಷ್ಯನೊಳಗೂ ಒಂದು ಮೃದುವಾದ ಮೂಲೆ ಇರುತ್ತದೆ. ಅದರಲ್ಲಿ ಹಳೆಯ ಕನ್ನಡ ಕಾಮಿಕ್ಸುಗಳಿವೆ. ರದ್ದಿ ಅಂಗಡಿಗಳಲ್ಲಿ ಸೀನಿ ಸೀನಿ ಕೂಡಿಸಿದ ಈ ಭಂಡಾರದ ಕಿರೀಟಮಣಿ ‘ಜ್ವಾಲಾಮುಖಿ ದ್ವೀಪದಲ್ಲಿ ಕ್ಯಾಪ್ಟನ್ ಸುಂಟರಗಾಳಿ’. ಅದರ ಮುಖಪುಟದಲ್ಲಿ ಬಿಳಿ ಕುದುರೆಯ ಮೇಲೆ ಕ್ಯಾಪ್ಟನ್, ಅವನ ಬೆನ್ನಿಗೆ ಒಬ್ಬ ರಾಜಕುಮಾರಿ, ಬಂಡೆಯ ಮರೆಯಲ್ಲಿ ದೊಡ್ಡ ಮೀಸೆಯ ದುಷ್ಟ. ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ಅದನ್ನು ನೋಡುವಾಗ ನನ್ನ ಉಸಿರು ತಾಗೀತೆಂದು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತೇನೆ.

"ಲಗ್ನಕ್ಕ ನನ್ನ ನೋಡಾಕ ಬಂದಾಗ ಇಷ್ಟ ನಿಗಾ ಇಟ್ಟ ನೋಡಿದ್ದಿಲ್ಲ ನೀವು" ಎಂದಳು ರಾಜಶ್ರೀ.

"ಆವಾಗ ನನಗ ದರ್ಜೆ ಅಂದ್ರ ಏನಂತ ಗೊತ್ತಿದ್ದಿಲ್ಲ" ಎಂದೆ. ಅವತ್ತು ಊಟಕ್ಕೆ ಬರಿಯ ಅನ್ನ ಮಜ್ಜಿಗೆ ಬಂತು.

ದರ್ಜೆ. ಎಲ್ಲ ಅನಾಹುತಕ್ಕೂ ಮೂಲ ಈ ಶಬ್ದ. ನಮ್ಮ ನಾಲ್ಕು ತಾಲೂಕಿನಲ್ಲಿ ನನ್ನಂಥ ಹುಚ್ಚರು ಇನ್ನೂ ಮೂವರಿದ್ದಾರೆ. ಸವಣೂರಿನ ಹಯಾತ ಸಾಹೇಬರದು ವೀಳ್ಯದೆಲೆ ವ್ಯಾಪಾರ. ಶಿಗ್ಗಾಂವಿ ತಾಲೂಕಿನ ತಡಸದ ಗುತ್ತೆಪ್ಪ ಎತ್ತುಗಳ ದಲ್ಲಾಳಿ. ಹಿರೇಕೆರೂರು ತಾಲೂಕಿನ ಹಂಸಭಾವಿಯ ಮೈಲಾರಲಿಂಗನದು ಬೀಜ ಮತ್ತು ಗೋವಿನಜೋಳದ ಅಂಗಡಿ. ವಾಟ್ಸಾಪಿನಲ್ಲಿ ಪ್ರತಿಯೊಬ್ಬನೂ ತನ್ನ ಪುಸ್ತಕದ ಫೋಟೋ ಹಾಕಿ ‘ಉಚ್ಚ ದರ್ಜೆ’ ಎಂದು ಬರೆದುಕೊಳ್ಳುವುದು, ಉಳಿದವರು ಅದರ ಮೂಲೆ ಹರಿದದ್ದನ್ನು ಎತ್ತಿ ತೋರಿಸುವುದು, ಆಮೇಲೆ ವಾರಗಟ್ಟಲೆ ಮಾತು ಬಿಡುವುದು. ಇದನ್ನು ಸಹಿಸದೆ ನಾನೇ ‘ಚತುಸ್ತಾಲೂಕು ಕಾಮಿಕ್ಸ್ ದರ್ಜಾ ನಿರ್ಣಾಯಕ ಮಹಾಮಂಡಳ’ವನ್ನು ಸ್ಥಾಪಿಸಿ ನಾನೇ ಅಧ್ಯಕ್ಷನಾದೆ. (ಚುನಾವಣೆ ಆಯಿತು. ಚಹಾದ ಬಿಲ್ಲು ಯಾರು ಕೊಡುತ್ತಾರೋ ಅವರೇ ಅಧ್ಯಕ್ಷರು ಎಂದು ಗೊತ್ತಾದ ಕೂಡಲೆ ಉಳಿದವರು ನಾಮಪತ್ರ ಹಿಂತೆಗೆದುಕೊಂಡರು.)

ಮೊದಲ ಸಭೆ ಸವಣೂರಿನಲ್ಲಿ, ಹಯಾತ ಸಾಹೇಬರ ಎಲೆ ಅಂಗಡಿಯ ಹಿಂದಿನ ಖೋಲಿಯಲ್ಲಿ. ಉಚ್ಚ ದರ್ಜೆ ಎಂದರೆ ಏನು ಎಂಬುದೇ ವಿಷಯ. ಹಯಾತ ಸಾಹೇಬರು ಒಂದು ಪುಸ್ತಕವನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಬೆನ್ನು ಸವರಿದರು. "ಮಾಲು ಎಳೀದಿರಬೇಕ್ರಿ ಮಾಸ್ತರ್ರ. ತುದಿ ಮುರದಿರಬಾರದು, ತೂತ ಬಿದ್ದಿರಬಾರದು" ಎಂದವರೇ, ಕೈಯ ರೂಢಿಯಿಂದ ಅದರ ಮೇಲೆ ನೀರು ಚಿಮುಕಿಸಲು ಹೋದರು. ಮೂವರೂ ಸೇರಿ ಅವರ ಕೈ ಹಿಡಿದೆವು.

ಮೈಲಾರಲಿಂಗ ಪುಸ್ತಕವನ್ನು ಮೂಸಿದ. "ಹಸಿ ಐತಿ. ಇನ್ನೊಂದೆರಡ ಬಿಸಲ ಬೇಕು" ಎಂದ. ಕಾಳಾಗಿದ್ದರೆ ಹಲ್ಲಿನಿಂದ ಕಡಿದು ಖಚಿತವಾಗಿ ಹೇಳಬಹುದಿತ್ತು ಎಂದು ಪುಸ್ತಕದ ಮೂಲೆಯನ್ನೇ ನೋಡತೊಡಗಿದ್ದರಿಂದ ಅದನ್ನು ಅವನ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಗುತ್ತೆಪ್ಪನಂತೂ ಪುಸ್ತಕವನ್ನು ನೆಲದ ಮೇಲಿಟ್ಟು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದ. ಎತ್ತಿನ ಹಲ್ಲು ನೋಡುವವನಂತೆ ಹಾಳೆ ಎಣಿಸಿದ. ಆಮೇಲೆ ತನ್ನ ಹೆಗಲ ಮೇಲಿನ ಟವೆಲನ್ನು ನನ್ನ ಕೈ ಮೇಲೆ ಹಾಕಿ, ಅದರ ಕೆಳಗೆ ನನ್ನ ಎರಡು ಬೆರಳು ಹಿಡಿದು ಗುಟ್ಟಾಗಿ ಹಿಸುಕಿದ.

"ಏನಪಾ ಇದು?"

"ದರ್ಜೆ ಹೇಳಿದ್ನಿರಿ. ಎದುರಿಗೇ ಕೆಟ್ಟದ್ದ ಅನ್ನಬಾರದ್ರಿ, ಮಾಲಕರ ಮನಸ್ಸ ನೋಯ್ತೈತಿ. ನಮ್ಮ ಸಂತ್ಯಾಗ ಎಲ್ಲಾ ಟವೆಲ್ ಕೆಳಗ."

ಇಂಥವರಿಂದ ಶಾಸ್ತ್ರ ಹುಟ್ಟೀತೇ? ಕೊನೆಗೆ ನಾನೇ ನಿಯಮಾವಳಿ ಬರೆದೆ. ಉಚ್ಚ ದರ್ಜೆಯ ಪುಸ್ತಕದ ಮೇಲೆ ಯಾವುದೇ ಕಾರಣದಿಂದ, ಯಾರಿಂದಲೇ ಆದ, ಯಾವುದೇ ಕಲೆ ಇರತಕ್ಕದ್ದಲ್ಲ. ಪಿನ್ನಿಗೆ ತುಕ್ಕು ಹಿಡಿದಿರತಕ್ಕದ್ದಲ್ಲ. ಮುಖ್ಯವಾಗಿ, ಅದನ್ನು ಯಾರೂ ಓದಿರತಕ್ಕದ್ದಲ್ಲ.

"ಓದಿದ್ರ ಏನಾಕ್ಕೈತ್ರಿ?" ಎಂದು ಹಯಾತ ಸಾಹೇಬರು ಕೇಳಿದರು.

"ತೆರದ್ರ ಮಡಿಕಿ ಬೀಳ್ತಾವ್ರಿ. ದರ್ಜೆ ಇಳೀತೈತಿ."

"ಮತ್ತ ಒಳಗ ಏನೈತಂತ ಗೊತ್ತಾಗೂದ ಹೆಂಗ್ರಿ?"

"ಅದು ಓದುಗರ ಚಿಂತಿರಿ. ನಾವು ಸಂಗ್ರಾಹಕರು."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆ ಉತ್ಸಾಹದಲ್ಲೇ ಇನ್ನೊಂದು ನಿಯಮ ಸೇರಿಸಿದೆ. ‘ಪರಮೋಚ್ಚವೆಂದು ನಿರ್ಣಯವಾದ ಪುಸ್ತಕವನ್ನು ಮನೆಯ ಅತ್ಯಂತ ಗೌರವದ ಸ್ಥಾನದಲ್ಲಿ ಇಡತಕ್ಕದ್ದು, ಅಲ್ಲಿಂದ ಯಾವ ಕಾರಣಕ್ಕೂ ಕದಲಿಸತಕ್ಕದ್ದಲ್ಲ.’ ಇದನ್ನು ಬರೆಯುವಾಗ ನನ್ನ ಕಣ್ಣಿನ ಮುಂದೆ ತಿಜೋರಿಯ ಮೇಲಿನ ಖಾನೆಯೇ ಇತ್ತೆಂದು ಬೇರೆ ಹೇಳಬೇಕಿಲ್ಲ. ಅಷ್ಟರಲ್ಲಿ ಬಿಸಿ ಮಿರ್ಚಿ ಬಂದದ್ದರಿಂದ ನಿಯಮ ಸರ್ವಾನುಮತದಿಂದ ಪಾಸಾಯಿತು. ದಸರೆಗೆ ಬನ್ನಿ ಕೊಡಲು ಹೇಗೂ ಎಲ್ಲರೂ ಹಾನಗಲ್ಲಿಗೆ ಬರುವವರು. ಆ ದಿನವೇ ನಮ್ಮ ಮನೆಯಲ್ಲಿ ಕ್ಯಾಪ್ಟನ್ ಸುಂಟರಗಾಳಿಯ ದರ್ಜಾ ನಿರ್ಣಯ ಎಂದು ನಿಗದಿಯಾಯಿತು.

ಮನೆಗೆ ಬಂದು ನಿಯಮಾವಳಿಯನ್ನು ರಾಜಶ್ರೀಗೆ ಓದಿ ಹೇಳಿದೆ. ಅವಳು ಮೊಣಕಾಲ ಮೇಲೆ ಗದ್ದವಿಟ್ಟು ಕೇಳಿದಳು.

"ಓದದ ಪುಸ್ತಕ ಉಚ್ಚ ದರ್ಜೆ ಅಂದ್ರ, ನಿಮ್ಮ ಸಾಲಿ ಹುಡುಗರ ಗಣಿತದ ಪುಸ್ತಕ ಎಲ್ಲಾ ಉಚ್ಚ ದರ್ಜೆನ ಇರಬೇಕಲ್ರಿ."

"ಮಾತ ಹಾರಿಸಬ್ಯಾಡ."

"ಹಾರಸೂದಿಲ್ಲ. ಒಂದ ಕರಾರ ಮಾಡೂಣು. ನಿಮ್ಮ ಮಂಡಳದವರು ಕ್ಯಾಪ್ಟನ್ನಗ ಉಚ್ಚ ದರ್ಜೆ ಕೊಟ್ರ ಖಾನಿ ನಿಮ್ಮದು. ಕೊಡಲಿಲ್ಲಂದ್ರ ಖಾನಿ ನಂದು. ನನ್ನ ಸೀರಿ ಗಂಟ ನೀವ ಬಿಚ್ಚಿ, ಒಂದೊಂದ ಮಡಚಿ ಒಳಗ ಇಡಬೇಕು."

ಒಪ್ಪಿದೆ. ಸೋಲುವ ಪ್ರಶ್ನೆಯೇ ಇರಲಿಲ್ಲ. ನಿಯಮ ನನ್ನದು, ಅಧ್ಯಕ್ಷ ನಾನು, ಪುಸ್ತಕ ನನ್ನದು. ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ಹೆಚ್ಚಿನ ಭದ್ರತೆ ಯಾರಿಗೂ ಸಿಗುವುದಿಲ್ಲ.

ಆ ದಿನಗಳಲ್ಲಿ ಕ್ಯಾಪ್ಟನ್ನನಿಗೆ ಪ್ಲಾಸ್ಟಿಕ್ ಕವರು ತೊಡಿಸಿ, ಹುಳ ಬಾರದಂತೆ ಬೇವಿನೆಲೆ ಇಟ್ಟು ಕಾದೆ. ನನ್ನ ಅವ್ವ ಅಡಿವೆವ್ವ ಒಮ್ಮೆ ಖಾನೆಯೊಳಗೆ ಇಣುಕಿ ಕೈ ಚಾಚಿದಳು.

"ಯವ್ವಾ, ಮುಟ್ಟಬ್ಯಾಡ. ಕೈ ತೊಳಕೊಂಡ ಮುಟ್ಟಬೇಕದನ್ನ."

"ಅಂಥಾ ಪುಸ್ತಕೇನು?"

"ಈ ಮನ್ಯಾಗ ಅದಕ್ಕಿಂತ ದೊಡ್ಡ ಪುಸ್ತಕ ಇಲ್ಲ. ನಾನೂ ತೆರದ ನೋಡಿಲ್ಲ."

ಅವ್ವ ಹಿಂದೆ ಸರಿದು ಕೈ ಮುಗಿದಳು. ಮನೆಯಲ್ಲಿ ಒಬ್ಬರಾದರೂ ನನ್ನ ಹವ್ಯಾಸದ ಬೆಲೆ ಬಲ್ಲವರಿದ್ದಾರೆ ಎಂದು ನನ್ನ ಎದೆ ತುಂಬಿ ಬಂತು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನಾನು ಶಾಲೆಗೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರುಗಳಿಗೆ ಪೂಜೆಯಾಗಿ, ಚುರುಮುರಿ ತಿಂದು, ಮನೆಗೆ ಬಂದು ಚಪ್ಪಲಿ ಬಿಟ್ಟೆ. ಪಡಸಾಲೆಯಲ್ಲಿ ಕುಡಗೋಲು, ಈಳಿಗೆ, ನನ್ನ ಬೈಕಿನ ಕೀಲಿ, ಮಿಕ್ಸರು, ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮಾಡಿದ್ದರು. ಪಕ್ಕದಲ್ಲಿ ಸರಸ್ವತಿಯ ಹೆಸರಿನಲ್ಲಿ ಪುಸ್ತಕಗಳ ರಾಶಿ. ಆ ರಾಶಿಯ ನೆತ್ತಿಯ ಮೇಲೆ ಕವರಿಲ್ಲದೆ, ಬೇವಿನೆಲೆಯಿಲ್ಲದೆ, ಕ್ಯಾಪ್ಟನ್ ಸುಂಟರಗಾಳಿ.

ಅವನ ಹಣೆಗೆ ಅವ್ವನ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಕುದುರೆಯ ಹಣೆಗೂ ಅರಿಷಿಣ. ರಾಜಕುಮಾರಿಗೆ ದುಂಡನೆಯ ಕುಂಕುಮ, ಅದರ ಮೇಲೆ ಹಸಿ ಚೆಂಡುಹೂವಿನ ಎಸಳು ಅಂಟಿತ್ತು. ನಿಂತಲ್ಲೇ ಕುಸಿದು ಕುಳಿತೆ. ನಮಸ್ಕಾರ ಹಾಕುತ್ತಿದ್ದೇನೆಂದು ತಿಳಿದು ಅವ್ವ ಅಕ್ಷತೆ ಹಾಕಿದಳು.

"ಯವ್ವಾ, ಏನ ಮಾಡಿದಿ?"

"ಪೂಜಿ ಮಾಡಿದ್ನೆಪಾ. ದೇವರ ಕೆಲಸಕ್ಕ ಪ್ಲಾಸ್ಟಿಕ್ ಯಾಕಂತ ತಗದ ಒಗದೆ. ಆ ಹೆಣ್ಮಗಳು ಗಂಡನ ಹಿಂದ ಕುದುರಿ ಮ್ಯಾಲ ಕುಂತಾಳ, ಹಣಿ ಬರಿದಿತ್ತು. ಮುತ್ತೈದಿ ಹಂಗ ಇರಬಾರದು."

"ಅವರದಿನ್ನೂ ಲಗ್ನ ಆಗಿಲ್ಲ ಯವ್ವಾ."

"ಲಗ್ನ ಆಗದ ಒಂದ ಕುದುರಿ ಮ್ಯಾಲ ಕುಂತಾಳ? ಇಂಥಾ ಪುಸ್ತಕ ತಂದಿಟ್ಟೀಯೇನ ಮನ್ಯಾಗ?"

ಲಗ್ನ ಕೊನೆಯ ಪುಟದಲ್ಲಾದರೂ ಆಗುತ್ತದೋ ಇಲ್ಲವೋ ನನಗೇನು ಗೊತ್ತು, ನಾನು ಓದಿಲ್ಲ. "ಆಗೇತಿ, ಆಗೇತಿ" ಎಂದು ಸುಮ್ಮನಾದೆ. ದುಷ್ಟನಿಗೆ ಮಾತ್ರ ಅವ್ವ ಏನೂ ಹಚ್ಚಿರಲಿಲ್ಲ. "ಆ ಮೀಸಿಯವನ ಮಾರಿ ನನಗ ಸೇರಲಿಲ್ಲ" ಎಂದಳು. ಇಡೀ ಮುಖಪುಟದಲ್ಲಿ ಉಚ್ಚ ದರ್ಜೆಯಲ್ಲಿ ಉಳಿದವನು ಅವನೊಬ್ಬನೇ.

ರಾಜಶ್ರೀಯನ್ನು ಅಡುಗೆಮನೆಯಲ್ಲಿ ಹಿಡಿದೆ. "ತಿಜೋರಿ ಕೀಲಿ ನಿನ್ನ ಕಡೆ ಇತ್ತು. ನೀನ ತಗದ ಕೊಟ್ಟಿ."

"ಮನ್ಯಾಗ ಎಲ್ಲಾಕ್ಕಿಂತ ದೊಡ್ಡ ಪುಸ್ತಕ ಮ್ಯಾಲ ಇಡಬೇಕು, ಯಾವದದು ಅಂತ ಅತ್ತಿ ಕೇಳಿದ್ರು. ನೀವು ದಿನಾ ಹೇಳೂದನ್ನ ನಾ ಹೇಳಿದೆ. ಸುಳ್ಳ ಹೇಳಬೇಕಿತ್ತೇನ್ರಿ, ಹಬ್ಬದ ದಿನ?"

ಒರೆಸೋಣವೆಂದರೆ ಪೂಜೆಗಿಟ್ಟ ಪುಸ್ತಕವನ್ನು ಬನ್ನಿಯವರೆಗೆ ಅಲುಗಿಸುವಂತಿಲ್ಲ. ಅವ್ವ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಳು.

ಮರುದಿನ ಮಹಾಮಂಡಳದ ಸದಸ್ಯರು ಬಂದರು. ಬನ್ನಿ ಕೊಟ್ಟು, ಅವ್ವನ ಕಾಲು ಮುಟ್ಟಿ, ಪುಸ್ತಕದ ಮುಂದೆ ಕುಳಿತರು. ಅವ್ವ ಬಾಗಿಲ ಹತ್ತಿರ ಕುಳಿತು ತನ್ನ ಪೂಜೆಯನ್ನು ಇವರು ಹೇಗೆ ನೋಡುತ್ತಾರೆಂದು ಹೆಮ್ಮೆಯಿಂದ ನೋಡುತ್ತಿದ್ದಳು. ರಾಜಶ್ರೀ ಹೋಳಿಗೆ ಬಡಿಸುತ್ತ ನಿಯಮಾವಳಿಯ ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು.

"‘ಯಾವುದೇ ಕಾರಣದಿಂದ, ಯಾರಿಂದಲೇ ಆದ, ಯಾವುದೇ ಕಲೆ’ ಅಂತೈತ್ರಿ" ಎಂದಳು ಮೆಲ್ಲಗೆ.

ಹಯಾತ ಸಾಹೇಬರು ಗಡ್ಡ ನೀವಿಕೊಂಡರು. "ಅವ್ವಾರು ಭಕ್ತಿಲೆ ಹಚ್ಚಿದ್ದನ್ನ ಡಾಗ ಅನ್ನೂದ ನನ್ನ ಬಾಯಿಂದ ಆಗೂದಿಲ್ರಿ ಮಾಸ್ತರ್ರ. ಹಂಗಂತ ಡಾಗ ಇಲ್ಲ ಅನ್ನಾಕ ನನ್ನ ಕಣ್ಣ ಕೇಳವಲ್ವು." ಗುತ್ತೆಪ್ಪ ನನ್ನ ಕೈಗೆ ಟವೆಲ್ ಹಾಕಿದ. ಕಾದೆ. ಕೆಳಗೆ ಯಾವ ಬೆರಳೂ ಬರಲಿಲ್ಲ. ಟವೆಲಿನ ಕೆಳಗೂ ಅವನು ಕೈ ಮುಗಿದುಕೊಂಡಿದ್ದ.

ಕೊನೆಗೆ ದಾರಿ ತೋರಿಸಿದವನು ಮೈಲಾರಲಿಂಗ. "ಇದನ್ನ ಉಚ್ಚ ಅನ್ನೂದು ಬ್ಯಾಡ, ನೀಚ ಅನ್ನೂದು ಬ್ಯಾಡ. ಉಚ್ಚಕ್ಕಿಂತ ಮ್ಯಾಲ ಇನ್ನೊಂದ ದರ್ಜೆ ಮಾಡೂಣ್ರಿ. ಪೂಜ್ಯ ದರ್ಜೆ."

ನನಗೆ ಹೋದ ಜೀವ ಬಂತು. ಉಚ್ಚಕ್ಕಿಂತ ಮೇಲು! ನಾಲ್ಕು ತಾಲೂಕಿನಲ್ಲೇ ಏಕೈಕ! ಅಧ್ಯಕ್ಷನ ಅಧಿಕಾರದಿಂದ ತಕ್ಷಣ ಅಂಗೀಕರಿಸಿ, ಎದ್ದು ನಿಂತು ಘೋಷಿಸಿದೆ. "ಹಂಗಂದ್ರ ಇದು ಪರಮೋಚ್ಚ. ರಾಜಶ್ರೀ, ಖಾನಿ ನಂದಾತು."

"ಕಡೀ ನಿಯಮ ಓದ್ರಿ" ಎಂದಳು ರಾಜಶ್ರೀ.

ಓದಿದೆ. ‘ಮನೆಯ ಅತ್ಯಂತ ಗೌರವದ ಸ್ಥಾನದಲ್ಲಿ ಇಡತಕ್ಕದ್ದು’ ಎನ್ನುವಷ್ಟರಲ್ಲಿ ಧ್ವನಿ ಇಳಿಯಿತು.

"ಅದಕ್ಯಾಕ ಚಿಂತಿ?" ಎಂದು ಅವ್ವ ಎದ್ದಳು. "ಪೂಜಿ ಆದದ್ದನ್ನ ಉಟ್ಟ ಬಿಟ್ಟ ಅರಿವಿ ಜೋಡಿ ಇಡ್ತಾರೇನು? ದೇವರ ಜಗಲಿ ಐತಲ್ಲ." ಕ್ಯಾಪ್ಟನ್ನನನ್ನು ಎರಡೂ ಕೈಯಿಂದ ಎತ್ತಿಕೊಂಡು ಒಳಗೆ ದೇವರ ಕೋಣೆಗೆ ನಡೆದಳು. ಮಹಾಮಂಡಳ ಎದ್ದು ನಿಂತು ದಾರಿ ಬಿಟ್ಟಿತು. ಯಾವ ಕಾರಣಕ್ಕೂ ಅಲ್ಲಿಂದ ಕದಲಿಸತಕ್ಕದ್ದಲ್ಲ ಎಂಬುದು ನನ್ನದೇ ಅಕ್ಷರದಲ್ಲಿತ್ತು.

ಈಗ ದಿನವೂ ಮುಂಜಾನೆ ಸ್ನಾನವಾದ ಮೇಲೆ ಕ್ಯಾಪ್ಟನ್ ಸುಂಟರಗಾಳಿಗೆ ವಿಭೂತಿ, ಕುಂಕುಮ, ದೀಪದೆಣ್ಣೆಯ ಹನಿ. ಅವನ ಮುಖ ಪೂರ್ತಿ ಮುಚ್ಚಿಹೋಗಿ ಕುದುರೆಯ ಬಾಲ ಮಾತ್ರ ಕಾಣುತ್ತದೆ. ಕಣ್ಣೆದುರಿಗೇ ದರ್ಜೆ ಇಳಿಯುವುದನ್ನು ಕೈ ಮುಗಿದುಕೊಂಡು ನೋಡಬೇಕಾದ ಸಂಗ್ರಾಹಕ ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಅವ್ವ ಆರತಿ ಕೊಟ್ಟರೆ ತೆಗೆದುಕೊಳ್ಳುತ್ತೇನೆ.

ಮಂಡಳ ಕೊಟ್ಟದ್ದು ಪೂಜ್ಯ ದರ್ಜೆ, ಉಚ್ಚವಲ್ಲ. ಕರಾರಿನಂತೆ ಉಳಿದ ಕಾಮಿಕ್ಸುಗಳನ್ನು ಮಂಚದ ಕೆಳಗೆ ಸರಿಸಿ ಸೀರೆಯ ಗಂಟು ನಾನೇ ಬಿಚ್ಚಿದೆ, ನಾನೇ ಒಂದೊಂದಾಗಿ ಮಡಚಿದೆ. ಖಾನೆಗೆ ಇಡಲು ಹೋದಾಗ ರಾಜಶ್ರೀ ಕೈ ಅಡ್ಡ ಹಿಡಿದಳು.

"ಇವು ಮ್ಯಾಲಿನ ಖಾನಿಗೆ ಬ್ಯಾಡ್ರಿ, ಕೆಳಗ ಇಡ್ರಿ. ಎಲ್ಲಾ ಉಟ್ಟ ಸೀರಿ. ಮಡಿಕಿ ಬಿದ್ದಾವು. ನಿಮ್ಮ ನಿಯಮದ ಪ್ರಕಾರ ಒಂದೂ ಉಚ್ಚ ದರ್ಜೆ ಇಲ್ಲ."

"ಮತ್ತ ಮ್ಯಾಲಿನ ಖಾನ್ಯಾಗ ಏನ ಇಡ್ತಿ?"

"ದೀಪಾವಳಿ ಬಂತಲ್ರಿ" ಎಂದಳು. "ಉಡದಿದ್ದ ಸೀರಿ ಸಂಗ್ರಹ ಮಾಡಾಕ ಸುರು ಮಾಡೇನಿ."